ಎಲ್‌ಎಲ್ ಸಿಕ್ಕ ಮೇಲಿನ 30 ದಿನ

ನಮ್ಮ ಗದಗ ಕಡೆ ಹುಡುಗರು ಎಲ್‌ಎಲ್ (ಗಾಡಿ ಕಲಿಯೋ ಲೈಸೆನ್ಸ್) ಸಿಕ್ಕ ಮೇಲೆ ಮಾಡೋದು ಒಂದೇ ಕೆಲಸ, ದಿನ ಎಣಿಸೋದು. 30 ದಿನ ಆದ ಮೇಲೆ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟಿಗೆ ಹೋಗಬಹುದು, ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ 30 ದಿನ ಇಟ್ಟಿರುವುದೇ ಕಲಿಯೋದಕ್ಕೆ ಅಂತ ಯಾರೂ ಹೇಳಿಕೊಡುವುದಿಲ್ಲ. ನನ್ನ ಮಟ್ಟಿಗೆ ಡಿಎಲ್ ಕಾರ್ಡಿಗಿಂತ ಆ ಒಂದು ತಿಂಗಳೇ ದೊಡ್ಡದು.

ಅಕ್ಕನ ಮಗನೂ ಅದನ್ನೇ ಕೇಳಿದ. "ಮಾಮಾ, ಗಾಡಿ ನನಗ ಬರ್ತೈತಿ, ಮತ್ಯಾಕ ಒಂದು ತಿಂಗಳು?" ಬರುತ್ತೆ ನಿಜ. ಊರಲ್ಲಿ ಯಾವ ಹುಡುಗನಿಗೆ ಬರಲ್ಲ? ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಹೊಲಕ್ಕೆ ಬುತ್ತಿ ಒಯ್ಯೋ ನೆಪದಲ್ಲಿ ಎಲ್ಲರೂ ಎಕ್ಸೆಲ್ ಮೊಪೆಡ್ ಹತ್ತಿರುತ್ತಾರೆ. ಗೇರ್ ಇಲ್ಲದ ಗಾಡಿಗೆ 16 ವರ್ಷ ಸಾಕು ಅನ್ನೋ ಮಾತು ಬೇರೆ ಇದೆ. ಅದು ಅರ್ಧ ಸತ್ಯ. ಕಾಯ್ದೆಯಲ್ಲಿ 16ಕ್ಕೆ ಅವಕಾಶ ಇರುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಎಕ್ಸೆಲ್ 100 ಆಗಲಿ, ಆಕ್ಟಿವಾ ಆಗಲಿ, ಅದರ ಎರಡರಷ್ಟು ಇವೆ. ಅವಕ್ಕೆಲ್ಲ 18 ಬೇಕು, ಲೈಸೆನ್ಸೂ ಬೇಕು. 2019ರ ತಿದ್ದುಪಡಿ ಆದ ಮೇಲೆ ಮಕ್ಕಳ ಕೈಗೆ ಗಾಡಿ ಕೊಟ್ಟ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಓದಿ ಹೇಳಿದ ಮೇಲೆ ಅಕ್ಕ ಕೀಲಿಕೈ ತೆಗೆದು ತಿಜೋರಿಯಲ್ಲಿ ಇಟ್ಟಳು, ತನ್ನ ಸಣ್ಣ ಮಗನ ಸಲುವಾಗಿ.

ಅರ್ಜಿ ಹಾಕೋದು ಈಗ ಕಷ್ಟ ಇಲ್ಲ. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಜೋಡಿಸಿದರೆ ಎಲ್‌ಎಲ್ ಪರೀಕ್ಷೆ ಮನೆಯಲ್ಲೇ ಬರೆಯಬಹುದು. ಕೇಂದ್ರದ ನಿಯಮದ ಪ್ರಕಾರ ಒಂದು ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಏಜೆಂಟರ ಕೈಗೆ ಯಾಕೆ ದುಡ್ಡು ಸುರಿಯಬೇಕು? ಒಂದು ವಿಷಯ ಮಾತ್ರ ನೋಡಿಕೊಳ್ಳಿ, ಅರ್ಜಿಯಲ್ಲಿ ಗೇರ್ ಇರುವ ಗಾಡಿಯ ವರ್ಗವನ್ನೇ ಆರಿಸಿ. ಅದು ಇದ್ದರೆ ಸ್ಕೂಟಿಯೂ ಓಡಿಸಬಹುದು, ಗೇರ್ ಇಲ್ಲದ್ದು ತೊಗೊಂಡರೆ ಬೈಕ್ ಮುಟ್ಟೋ ಹಾಗಿಲ್ಲ. ಹುಡುಗಿಯರಿಗೆ ಮನೆಯವರು ಸುಮ್ನೆ ಗೇರ್ ಇಲ್ಲದ್ದೇ ಸಾಕು ಅಂತ ತೀರ್ಮಾನ ಮಾಡಿಬಿಡುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ನಾಳೆ ಮನೆಯಲ್ಲಿ ಇರುವುದು ಸ್ಪ್ಲೆಂಡರ್ ಒಂದೇ, ಅವ್ವನಿಗೆ ಆರಾಮ ಇಲ್ಲ, ಆಗ ಏನು ಮಾಡಬೇಕು ಅವಳು?

ಇನ್ನು ಆ ತಿಂಗಳು. ಗಾಡಿಯ ಹಿಂದೆ ಮುಂದೆ ಬಿಳಿ ಮೇಲೆ ಕೆಂಪು ಎಲ್ ಬೋರ್ಡ್ ಇರಬೇಕು. ಹಿಂದೆ ಕೂರುವವರು ಲೈಸೆನ್ಸ್ ಇದ್ದು ಕಲಿಸುವವರೇ ಆಗಿರಬೇಕು, ಗೆಳೆಯರನ್ನ ಹತ್ತಿಸಿಕೊಂಡು ತಿರುಗೋ ಹಾಗಿಲ್ಲ. ಹೀಗಾಗಿ ಹಿಂದೆ ನಾನೇ ಕೂತೆ.

ಮೊದಲು ಎಪಿಎಂಸಿ ರಜೆ ಇದ್ದಾಗ ಖಾಲಿ ಜಾಗದಲ್ಲಿ ನಿಧಾನ ಓಡಿಸೋದು ಕಲಿಸಿದೆ. ಜೋರಾಗಿ ಓಡಿಸೋದು ಯಾರಿಗಾದರೂ ಬರುತ್ತೆ, ನಡೆಯುವ ಮನುಷ್ಯನ ವೇಗದಲ್ಲಿ ಕಾಲು ಕೆಳಗೆ ಇಡದೆ ಓಡಿಸಬೇಕು, ಅಲ್ಲಿ ಗೊತ್ತಾಗುತ್ತೆ ಗಾಡಿ ಕೈಯಲ್ಲಿದೆಯೋ ಇಲ್ಲವೋ. ಟೆಸ್ಟಿನಲ್ಲಿ ಗಾಡಿಯಿಂದ 8 ಅಂಕಿ ಹಾಕಿಸೋದೂ ಇದಕ್ಕೇ. ಫಸ್ಟ್ ಗೇರ್, ಹಾಫ್ ಕ್ಲಚ್, ಎಕ್ಸಲೇಟರ್ ಒಂದೇ ಸಮ, ವೇಗ ಜಾಸ್ತಿ ಆದರೆ ಹಿಂದಿನ ಬ್ರೇಕ್ ಹಗುರಕ್ಕೆ. ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಅಲ್ಲೇ ಮಲಗುತ್ತೆ. ಕಣ್ಣು ಗಾಲಿ ಮೇಲೆ ಬೇಡ, ಹೋಗಬೇಕಾದ ತಿರುವಿನ ಮೇಲೆ ಇರಲಿ. ನೋಟ ಸರಿ ಹೋದ ಮೇಲೆ ಅವನ 8 ತಾನಾಗೇ ಸರಿಯಾಯ್ತು.

ಆಮೇಲೆ ರೋಡು. ನಮ್ಮ ರೋಡಿನ ಪಾಠ ಯಾವ ಪ್ರಶ್ನೆ ಪತ್ರಿಕೆಯಲ್ಲೂ ಬರುವುದಿಲ್ಲ. ಮಳೆ ಬಿದ್ದ ಮೇಲೆ ಟ್ರ್ಯಾಕ್ಟರ್ ಹೊಲದಿಂದ ಹೊರಗೆ ಬಂದರೆ ಗಾಲಿಗೆ ಅಂಟಿದ ಎರೆಮಣ್ಣೆಲ್ಲ ಡಾಂಬರಿನ ಮೇಲೆ ಬೀಳುತ್ತದೆ, ಅದು ಹಸಿ ಇರುವಾಗ ಬೆಣ್ಣೆ ಸವರಿದ ಹಾಗೆ. ಅಲ್ಲಿ ಬ್ರೇಕ್ ಹಿಡಿಯಬಾರದು, ವಾಲಬಾರದು, ದೂರದಿಂದಲೇ ವೇಗ ಇಳಿಸಿ ನೆಟ್ಟಗೆ ದಾಟಬೇಕು. ರಾಶಿ ಕಾಲದಲ್ಲಿ ಹೆಸರು, ಗೋವಿನಜೋಳ ಎಲ್ಲ ರೋಡಿನ ಮೇಲೇ ಹರವಿರುತ್ತಾರೆ, ಕಾಳು ಗಾಲಿ ಕೆಳಗೆ ಉರುಳುತ್ತದೆ. ಕತ್ತಲಾದ ಮೇಲೆ ಹಿಂದೆ ಲೈಟೇ ಇಲ್ಲದ ಟ್ರೇಲರ್ ನಿಂತಿರುತ್ತದೆ. ಇದನ್ನೆಲ್ಲ ತೋರಿಸಿಕೊಂಡೇ ಅಣ್ಣಿಗೇರಿ ಕಡೆ ಹೋಗಿ ಬಂದೆವು. ಅವನು ಮುಂದೆ ಹುಬ್ಬಳ್ಳಿಯಲ್ಲಿ ಓದುವವನು, ಹಾಗಾಗಿ ಹುಬ್ಬಳ್ಳಿ-ಧಾರವಾಡ ರೋಡಿನಲ್ಲಿ ನಡುವಿನ ಲೇನ್ ಚಿಗರಿ (ಬಿಆರ್‌ಟಿಎಸ್) ಬಸ್ಸಿಗೆ ಮಾತ್ರ, ಎಷ್ಟೇ ಖಾಲಿ ಇದ್ದರೂ ಒಳಗೆ ನುಗ್ಗಬಾರದು ಅನ್ನೋದನ್ನೂ ಹೇಳಿದೆ.

ಟೆಸ್ಟಿನ ದಿನ ಹೆಚ್ಚು ಹೇಳುವಂಥದ್ದು ಏನಿಲ್ಲ. ಗೇರ್ ಗಾಡಿಯನ್ನೇ ಒಯ್ಯಬೇಕು, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿ ಇರಬೇಕು, ತಲೆ ಮೇಲೆ ಐಎಸ್‌ಐ ಹೆಲ್ಮೆಟ್ ಇರಬೇಕು. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಇವನು ಪಾಸಾದ. 30 ವರ್ಷದ ಒಳಗಿನವರಿಗೆ ಡಿಎಲ್ 40 ತುಂಬುವವರೆಗೆ ನಡೆಯುತ್ತದೆ.

ಇದನ್ನ ಓದುವ ಹಿರಿಯರಿಗೂ ಒಂದು ಮಾತು. ಲೈಸೆನ್ಸ್ ಇಲ್ಲದೆ ವರ್ಷಗಟ್ಟಲೆ ಗಾಡಿ ಓಡಿಸಿದ ಕಾಕಾಗಳು ಪ್ರತಿ ಊರಲ್ಲೂ ಇದ್ದಾರೆ. ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ 5,000 ರೂಪಾಯಿ ದಂಡ ಇದೆ, ಅದು ಹೋಗಲಿ. ಯಾರಿಗಾದರೂ ಡಿಕ್ಕಿ ಹೊಡೆದರೆ ಇನ್ಶೂರೆನ್ಸ್ ಕಂಪನಿ ಅವರಿಗೆ ಪರಿಹಾರ ಕೊಟ್ಟು, ಆಮೇಲೆ ಆ ದುಡ್ಡನ್ನ ಗಾಡಿ ಮಾಲೀಕರಿಂದಲೇ ವಸೂಲು ಮಾಡಬಹುದು. ಹೊಲ ಮಾರುವ ಪರಿಸ್ಥಿತಿ ಬರುತ್ತದೆ. ನಿಮಗೇ ಏನಾದರೂ ಆದರೆ, ಪಾಲಿಸಿಯಲ್ಲಿ ಮಾಲೀಕನ ಹೆಸರಲ್ಲಿ ಇರುವ 15 ಲಕ್ಷದ ಅಪಘಾತ ವಿಮೆ ಲೈಸೆನ್ಸ್ ಇಲ್ಲದಿದ್ದರೆ ಮನೆಯವರ ಕೈಗೆ ಸಿಗುವುದಿಲ್ಲ. 40 ದಾಟಿದವರು ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಒಂದನ್ನ ಜಾಸ್ತಿ ಕೊಡಬೇಕು, ಅಷ್ಟೇ. ಅರ್ಜಿ ಹಾಕೋಕೆ ಬರಲ್ಲ ಅಂದರೆ ಮನೆಯಲ್ಲಿ ಫೋನ್ ಹಿಡಿದು ಕೂತಿರುವ ಮಕ್ಕಳಿಗೆ ಹೇಳಿ, ಸಂಜೆ ಒಳಗೆ ಹಾಕಿಕೊಡುತ್ತಾರೆ.