ಕೊಲ್ಲಿ ನೀರಿನಲ್ಲಿ ಔಟ್‌ಬೋರ್ಡ್ ಬ್ರಾಕೆಟ್: ಬಿಳಿ ಪುಡಿ ಕಂಡ ಮೇಲೆ ಮಾಡಬೇಕಾದ್ದು

ಯುಎಇಯ ಅಜ್ಮಾನ್, ಉಮ್ಮ್ ಅಲ್ ಕ್ವೈನ್ ಕಡೆಯ ಮೀನುಗಾರರ ಫೈಬರ್ ದೋಣಿಗೆ ಇಲ್ಲಿ ತರ್ರಾದ್ ಎನ್ನುತ್ತಾರೆ. ಹಿಂದೆ ಒಂದೋ ಎರಡೋ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹೊರಬದಿಗೆ ತೂಗುಹಾಕುವ ಎಂಜಿನ್. ಮಲ್ಪೆ, ಗಂಗೊಳ್ಳಿಯವರಿಗೆ ಈ ನೋಟ ಹೊಸದಲ್ಲ, ನೀರು ಮಾತ್ರ ಬೇರೆ. ಊರ ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಇಲ್ಲಿ 40 ಆಸುಪಾಸು, ಬೇಸಿಗೆಯಲ್ಲಿ ನೀರಿನ ಶಾಖ 33 ಡಿಗ್ರಿಗೂ ಏರುತ್ತದೆ. ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಶಾಖ ಹೆಚ್ಚಿದಷ್ಟೂ ಲೋಹ ಬೇಗ ಕರಗುತ್ತದೆ. ಆ ಪೆಟ್ಟು ಮೊದಲು ಕಾಣುವ ಜಾಗಗಳಲ್ಲಿ ಎಂಜಿನ್ ಬ್ರಾಕೆಟ್ ಒಂದು.

ಬ್ರಾಕೆಟ್ ಎಂದರೆ ಒಂದೇ ತುಂಡಲ್ಲ. ದೋಣಿಯ ಹಿಂಗೋಡೆಯನ್ನು, ಅಂದರೆ ಟ್ರಾನ್ಸಮ್ಮನ್ನು, ಎಡಬಲ ಹಿಡಿಯುವ ಎರಡು ಕ್ಲ್ಯಾಂಪ್ ಬ್ರಾಕೆಟ್, ನಡುವೆ ಎಂಜಿನ್ ಹೊತ್ತು ತಿರುಗುವ ಸ್ವಿವೆಲ್ ಬ್ರಾಕೆಟ್, ಈ ಮೂರನ್ನೂ ಪೋಣಿಸುವ ಟಿಲ್ಟ್ ಟ್ಯೂಬ್. ಬ್ರಾಕೆಟ್ಟುಗಳು ಎರಕದ ಅಲ್ಯೂಮಿನಿಯಮ್, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್. ಉಪ್ಪುನೀರಿನಲ್ಲಿ ಈ ಎರಡು ಲೋಹ ಮುಟ್ಟಿಕೊಂಡರೆ ಅದೊಂದು ಪುಟ್ಟ ಬ್ಯಾಟರಿಯೇ. ಸ್ಟೀಲ್ ಉಳಿದುಕೊಳ್ಳುತ್ತದೆ, ಅಲ್ಯೂಮಿನಿಯಮ್ ಕರಗುತ್ತದೆ. ಕಬ್ಬಿಣದ ಹಾಗೆ ಕೆಂಪು ತುಕ್ಕು ಕಾಣುವುದಿಲ್ಲ. ಬೋಲ್ಟ್ ತಲೆಯ ಸುತ್ತ ಬಣ್ಣ ಗುಳ್ಳೆಯೇಳುತ್ತದೆ, ಒಡೆದು ನೋಡಿದರೆ ಬಿಳಿ ಪುಡಿ. ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಇನ್ನಷ್ಟು ಎಬ್ಬಿಸುತ್ತಾ ಒಳಗೊಳಗೇ ಹಬ್ಬುತ್ತದೆ. ಮೇಲೆ ಉಗುರಗಲದ ಗುಳ್ಳೆ ಇದ್ದರೆ ವಾಷರ್ ಅಡಿಯಲ್ಲಿ ಅಂಗೈಯಗಲ ತಿಂದಿರಬಹುದು.

ಇದನ್ನು ತಡೆಯಲೆಂದೇ ಬ್ರಾಕೆಟ್ಟಿನ ಬುಡದಲ್ಲಿ ಸತುವಿನ ಅಥವಾ ಅಲ್ಯೂಮಿನಿಯಮ್ ಮಿಶ್ರಲೋಹದ ಆನೋಡ್ ಇರುತ್ತದೆ, ಬ್ರಾಕೆಟ್ ಬದಲು ತಾನು ಕರಗಲಿಕ್ಕೆ. ಅರ್ಧ ಸವೆದಾಗ ಬದಲಿಸಬೇಕು. ವರ್ಷಗಟ್ಟಲೆ ನೀರಿನಲ್ಲಿದ್ದೂ ಆನೋಡ್ ಹೊಸದರಂತಿದ್ದರೆ ಖುಷಿಪಡಬೇಡಿ, ಅದು ಕೆಲಸವನ್ನೇ ಮಾಡುತ್ತಿಲ್ಲ. ಒಂದೋ ಯಾರೋ ಅದರ ಮೇಲೆ ಬಣ್ಣ ಬಳಿದಿದ್ದಾರೆ, ಇಲ್ಲವೇ ಬ್ರಾಕೆಟ್ ತುಂಡುಗಳನ್ನು ಒಂದಕ್ಕೊಂದು ಜೋಡಿಸುವ ಸಣ್ಣ ಅರ್ತ್ ವೈರ್ ತುಂಡಾಗಿದೆ. ಮಲ್ಟಿಮೀಟರಿನ ಒಂದು ಮುಳ್ಳು ಆನೋಡಿಗೆ, ಇನ್ನೊಂದು ಬ್ರಾಕೆಟ್ಟಿನ ಕೆರೆದ ಜಾಗಕ್ಕೆ ಇಡಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಈ ಪರೀಕ್ಷೆ ಮಾಡದೆ ಹೊಸ ಬ್ರಾಕೆಟ್ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ದೋಣಿಯ ತಳಕ್ಕೆ ತಾಮ್ರವಿರುವ ಪಾಚಿನಿರೋಧಕ ಬಣ್ಣ ಬಳಿದಿದ್ದರೆ ಅದು ಬ್ರಾಕೆಟ್ಟಿಗೆ ತಾಗದಂತೆ ಮೂರು ಬೆರಳಿನಷ್ಟಾದರೂ ಜಾಗ ಬಿಟ್ಟಿರಬೇಕು.

ರಿಪೇರಿಯೋ ಬದಲಾವಣೆಯೋ ಎಂಬ ಪ್ರಶ್ನೆಗೆ ಜಾಗವೇ ಉತ್ತರ. ಅಗಲ ಮೈಮೇಲೆ ಮೇಲುಮೇಲಿನ ಕುಳಿಗಳಿದ್ದರೆ ಕೆರೆದು ಬಣ್ಣ ಹಚ್ಚಬಹುದು. ಬೋಲ್ಟ್ ತೂತಿನ ಅಂಚು, ಟಿಲ್ಟ್ ಟ್ಯೂಬ್ ಕೂರುವ ತೂತು, ಎಂಜಿನ್ನಿನ ಓರೆ ನಿಲ್ಲಿಸುವ ಟಿಲ್ಟ್ ಪಿನ್ನಿನ ಸಾಲು ತೂತುಗಳು ಸವೆದಿದ್ದರೆ ಹೊಸದೇ ಬೇಕು. ಬಿರುಕಿನ ಅನುಮಾನವಿದ್ದಲ್ಲಿ ಕೆಂಪು ಡೈ ಪೆನಿಟ್ರಂಟ್ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಕೆಂಪು ಗೆರೆ ಏಳುತ್ತದೆ. ವೆಲ್ಡಿಂಗ್ ಮಾಡಿಸಿ ಮುಗಿಸೋಣ ಎಂಬ ಆಸೆ ಬೇಡವೇ ಬೇಡ. ಎರಕದ ಲೋಹದ ರಂಧ್ರಗಳಲ್ಲಿ ಉಪ್ಪು ಕೂತಿರುತ್ತದೆ, ಬೆಸುಗೆ ನೊರೆಯಂತಾಗುತ್ತದೆ, ಪಕ್ಕದ ಲೋಹವೂ ಮೆತ್ತಗಾಗುತ್ತದೆ. ದೊಡ್ಡ ಎಂಜಿನ್ 200 ಕಿಲೋ ದಾಟುವಾಗ ಅಂಥ ಬೆಸುಗೆಯನ್ನು ನಂಬಿ ಸಮುದ್ರಕ್ಕೆ ಇಳಿಯುವುದು ಜೀವದ ಪ್ರಶ್ನೆ.

ಬಿಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್, ಆಮೇಲೆ ಪೆಟ್ರೋಲ್ ಪೈಪ್, ಕಂಟ್ರೋಲ್ ಕೇಬಲ್, ಸ್ಟೀರಿಂಗ್. ಎಂಜಿನ್ ಮೇಲಿನ ಎತ್ತುವ ಕೊಂಡಿಗೆ ಚೈನ್ ಬ್ಲಾಕ್ ಹಾಕಿ ಭಾರ ತೆಗೆದುಕೊಂಡ ಮೇಲೆಯೇ ಬೋಲ್ಟಿಗೆ ಕೈ. ಕಚ್ಚಿಕೊಂಡ ಬೋಲ್ಟಿಗೆ ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಬೆಳಗ್ಗೆ ಹೀಟ್ ಗನ್ನಿನಿಂದ ಬೋಲ್ಟನ್ನಲ್ಲ, ಸುತ್ತಲ ಬ್ರಾಕೆಟ್ಟನ್ನು ಕಾಯಿಸಿ: ಅಲ್ಯೂಮಿನಿಯಮ್ ಸ್ಟೇನ್‌ಲೆಸ್ಸಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ತೂತು ಸಡಿಲವಾಗುತ್ತದೆ. ಪೆಟ್ರೋಲ್ ಇರುವಲ್ಲಿ ಗ್ಯಾಸ್ ಟಾರ್ಚ್ ಹಚ್ಚಲೇಬೇಡಿ. ಹೀಟ್ ಗನ್ನನ್ನೂ ಟ್ಯಾಂಕ್, ಪೈಪ್ ದೂರ ಸರಿಸಿ, ಗಾಳಿಯಾಡಲು ಬಿಟ್ಟ ಮೇಲೆಯೇ ಹಿಡಿಯಿರಿ.

ಬ್ರಾಕೆಟ್ ಹೊರಬಂದಾಗ ಟ್ರಾನ್ಸಮ್ ನೋಡುವುದನ್ನು ಮರೆಯಬಾರದು. ಹಲವು ದೋಣಿಗಳಲ್ಲಿ ಫೈಬರಿನ ನಡುವೆ ಪ್ಲೈವುಡ್ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ. ಟಣ್ ಎನ್ನುವಲ್ಲಿ ಗಟ್ಟಿ, ಡಬ್ ಎನ್ನುವಲ್ಲಿ ಅನುಮಾನ. ಬೋಲ್ಟ್ ತೂತಿನಿಂದ ಕಪ್ಪಗಿನ ಒದ್ದೆ ಪುಡಿ ಬಂದರೆ ಮರ ಕೊಳೆತಿದೆ, ಬ್ರಾಕೆಟ್ ಕೆಲಸ ಅಲ್ಲಿಗೇ ನಿಲ್ಲಿಸಿ ಮೊದಲು ಟ್ರಾನ್ಸಮ್ ರಿಪೇರಿ. ಮರ ಒಣಗಿದ್ದರೆ ಹಳೆಯ 13 ಮಿಲಿಮೀಟರ್ ತೂತನ್ನು 20ಕ್ಕೆ ಹಿಗ್ಗಿಸಿ, ದಪ್ಪ ಮಾಡಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಮತ್ತೆ 13ರ ತೂತು ಕೊರೆಯಿರಿ. ಆಗ ಸೀಲಂಟ್ ಬಿಟ್ಟುಕೊಟ್ಟರೂ ನೀರು ಮರಕ್ಕೆ ತಾಗದು. ದೊಡ್ಡ ಎಂಜಿನ್‌ಗಳಿಗೆ ಸಾಮಾನ್ಯ ಅಳತೆ ಮೇಲಿನ ಎರಡು ತೂತಿನ ನಡುವೆ 327, ಕೆಳಗಿನವುಗಳ ನಡುವೆ ಸುಮಾರು 251 ಮಿಲಿಮೀಟರ್.

ಮರುಬಳಸುವ ಬ್ರಾಕೆಟ್ಟನ್ನು ಸಿಹಿನೀರಲ್ಲಿ ನೆನೆಸಿ ಉಪ್ಪು ತೆಗೆದು, 80, ಆಮೇಲೆ 180ರ ಉಜ್ಜುಕಾಗದದಿಂದ (ಸ್ಯಾಂಡ್‌ಪೇಪರ್) ಹೊಳೆಯುವ ತನಕ ಉಜ್ಜಿ. ಕಬ್ಬಿಣದ ತಂತಿ ಬ್ರಷ್ ಬೇಡ, ಅದರ ಚೂರು ಅಲ್ಲೇ ಕೂತು ಹೊಸ ಸವೆತ ಶುರುಮಾಡುತ್ತದೆ. ಉಜ್ಜಿದ ಕೂಡಲೇ ಎಪಾಕ್ಸಿ ಪ್ರೈಮರ್, ಎರಡು ಕೋಟ್. ಇಲ್ಲಿ ಬೇಸಿಗೆ ಬಣ್ಣದ ಕೆಲಸಕ್ಕೆ ನಿಜವಾದ ಕಷ್ಟ. ಬೆಳಗಿನ ಜಾವ ತೇವಕ್ಕೆ ಲೋಹ ಬೆವರುತ್ತದೆ; ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರದ ಲೋಹಕ್ಕೆ ಬಣ್ಣ ಅಂಟುವುದಿಲ್ಲ. ಮಧ್ಯಾಹ್ನ ಎಪಾಕ್ಸಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವುದಕ್ಕೆ ಕಾನೂನಿನ ತಡೆಯೂ ಇದೆ. ಹಾಗಾಗಿ ಶೆಡ್ಡಿನ ನೆರಳಲ್ಲಿ ಸ್ವಲ್ಪಸ್ವಲ್ಪವೇ ಕಲಸಿಕೊಂಡು ಮಾಡುವುದೇ ಸರಿ.

ಕೂರಿಸುವಾಗ 316 ದರ್ಜೆಯ ಹೊಸ ಸ್ಟೇನ್‌ಲೆಸ್ ಬೋಲ್ಟ್, ತಾನಾಗಿ ಸಡಿಲವಾಗದ ಹೊಸ ನೈಲಾಕ್ ನಟ್, ಒಳಬದಿಗೆ ಅಗಲ ವಾಷರ್ ಅಥವಾ ಪ್ಲೇಟ್. ಸ್ಟೀಲ್ ಅಲ್ಯೂಮಿನಿಯಮ್ಮಿಗೆ ತಾಗುವಲ್ಲೆಲ್ಲ ಎರಡು ಲೋಹದ ನಡುವೆ ತಡೆಯಾಗುವ ಟೆಫ್‌ಜೆಲ್ ಅಥವಾ ಡ್ಯುರಾಲಾಕ್ ಬಳಿಯಿರಿ. ತಾಮ್ರದ ಗ್ರೀಸ್ ಹಚ್ಚಿದರೆ ಕೇಡನ್ನು ನಾವೇ ಕರೆದಂತೆ. ಆನೋಡ್ ಮತ್ತು ಅರ್ತ್ ವೈರ್ ಕೂರುವ ಜಾಗಕ್ಕೆ ಮಾತ್ರ ಬಣ್ಣವೂ ಬೇಡ, ಜೆಲ್ಲೂ ಬೇಡ, ಬರಿಯ ಲೋಹವೇ ಇರಲಿ. ಟ್ರಾನ್ಸಮ್ ತೂತಿಗೆ ಸಿಕಾಫ್ಲೆಕ್ಸ್ 291ರಂಥ, ಮುಂದೊಮ್ಮೆ ಬಿಚ್ಚಲು ಬರುವ ಸೀಲಂಟ್ ಸಾಕು. ಬಿಗಿಯುವಾಗ ಬೋಲ್ಟ್ ತಲೆ ಹಿಡಿದು ನಟ್ಟನ್ನೇ ತಿರುಗಿಸಿ, ಬೋಲ್ಟ್ ತಿರುಗಿದರೆ ಸೀಲಂಟ್ ಕಿತ್ತುಹೋಗುತ್ತದೆ. ಹತ್ತು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಊರಿನವರಿಗೆ ಆನೋಡ್ ವಿಚಾರದಲ್ಲಿ ಒಂದು ವ್ಯತ್ಯಾಸ. ಕುಂದಾಪುರ, ಗಂಗೊಳ್ಳಿಯ ಅಳಿವೆಯಲ್ಲಿ ಕಟ್ಟಿದ ದೋಣಿ ಮಳೆಗಾಲದಲ್ಲಿ ಅರೆಸಿಹಿ ನೀರಲ್ಲಿರುತ್ತದೆ. ಆ ನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಅಲ್ಲಿಗೆ ಅಲ್ಯೂಮಿನಿಯಮ್ ಮಿಶ್ರಲೋಹದ ಆನೋಡ್ ಒಳ್ಳೆಯದು. ಮೆಗ್ನೀಷಿಯಮ್ ಆನೋಡ್ ಬರೀ ಸಿಹಿನೀರಿಗೆ. ಕಡಲಿಗೆ ಇಳಿಸಿದರೆ ಕೆಲವೇ ವಾರಗಳಲ್ಲಿ ಕರಗಿಹೋದೀತು.