‘ಸ್ವಲ್ಪ ಖಾರವಾಗಿ ಬರೆದುಕೊಡಿ’ ಎನ್ನುವವರಿಗೆ

ಸರಕು ಒಡೆದು ಬಂದಾಗ, ಕಡಿಮೆ ಬಂದಾಗ ನಮ್ಮೂರಿನ ವ್ಯಾಪಾರಿಗಳು ನನ್ನನ್ನು ಕೇಳುವುದು ಒಂದೇ: ‘ನಷ್ಟ ತುಂಬಿಕೊಡಿ ಎಂದು ಕಂಪನಿಗೆ ಪತ್ರ ಬರೆಯಬೇಕು, ಖಾರವಾಗಿರಬೇಕು. ಹೇಗೆ ಬರೆಯುವುದು?’ ಇನ್ನು ಮುಂದೆ ಕೇಳುವವರಿಗೆ ಇದನ್ನೇ ಓದಲು ಕೊಡುತ್ತೇನೆ.

ಖಾರ ಬೇಡ. ಆ ಪತ್ರ ಒಡೆದು ಓದುವವನು ಲೆಕ್ಕ ವಿಭಾಗದ ಒಬ್ಬ ಗುಮಾಸ್ತ. ನಿಮ್ಮ ಮುಖವನ್ನೇ ಕಂಡವನಲ್ಲ. ಅವನಿಗೆ ಮೊದಲು ಬೇಕಾದದ್ದು ಇನ್‌ವಾಯ್ಸ್ ಸಂಖ್ಯೆ, ತಾರೀಖು, ಲಾರಿ ರಸೀದಿಯ ಸಂಖ್ಯೆ. ಆಮೇಲೆ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ಒಡೆದಿದೆ, ಅದಕ್ಕೆ ಫೋಟೊ. ಕೊನೆಗೆ, ನಿಮಗೆ ಏನು ಬೇಕು.

ಎಲ್ಲರೂ ಜಾರುವುದು ಈ ಕೊನೆಯದರಲ್ಲೇ. ಎರಡು ಪುಟ ಬೈದವರು ಕೂಡ ಕಡೆಯ ಸಾಲಿಗೆ ಬಂದಾಗ ಶಾಲೆಯ ರಜಾ ಅರ್ಜಿಯ ಧಾಟಿಗೆ ಇಳಿದು ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎನ್ನುತ್ತಾರೆ. ಸೂಕ್ತ ಯಾವುದೆಂಬ ತೀರ್ಮಾನವನ್ನು ಎದುರಿನವರಿಗೇ ಬಿಟ್ಟುಕೊಟ್ಟ ಹಾಗಾಯಿತು. ಬದಲಿ ಪೆಟ್ಟಿಗೆ ಬೇಕೇ, ಬಿಲ್ಲಿನಲ್ಲಿ ಕಡಿತ ಬೇಕೇ, ಎಷ್ಟು ರೂಪಾಯಿ, ಯಾವ ತಾರೀಖಿನೊಳಗೆ? ಇದಿಲ್ಲದ ಪತ್ರವನ್ನು ಗುಮಾಸ್ತ ಕಡತಕ್ಕೆ ಸೇರಿಸಿ ಮುಂದಿನದನ್ನು ಕೈಗೆತ್ತಿಕೊಳ್ಳುತ್ತಾನೆ.

ಗುಜರಾತಿನ ಮೋರ್ಬಿಯಿಂದ ಟೈಲ್ಸ್ ತರಿಸಿದ್ದ ವ್ಯಾಪಾರಿಯೊಬ್ಬರು ಬಂದಿದ್ದರು. ನಷ್ಟವಾದದ್ದು ನಿಜ. ‘ಕೋರ್ಟಿಗೆ ಎಳೆಯುತ್ತೇನೆ ಎಂದು ಮೊದಲ ಸಾಲಿನಲ್ಲೇ ಬರೆಯಿರಿ ಸಾರ್’ ಎಂದರು. ಲಾರಿ ರಸೀದಿ ತೋರಿಸಿ ಎಂದೆ. ಸರಕು ಸುಸ್ಥಿತಿಯಲ್ಲಿ ತಲುಪಿದೆ ಎಂಬ ಮುದ್ರೆಯ ಕೆಳಗೆ ಅವರದೇ ಸಹಿ! ಚಾಲಕ ಅವಸರ ಮಾಡಿದನಂತೆ. ಒಡೆದ ಚೂರುಗಳನ್ನು ಆಗಲೇ ಎಸೆದಿದ್ದರು, ಫೋಟೊ ಒಂದೂ ಇರಲಿಲ್ಲ. ಆ ಪ್ರಾಮಾಣಿಕ ಮನುಷ್ಯನ ಪರವಾಗಿ ಬರೆಯಲು ನನಗೆ ಏನೂ ಉಳಿದಿರಲಿಲ್ಲ. ನನಗೆ ಗಟ್ಟಿಯಾಗಿ ಬರೆಯಲು ಬಾರದು ಎಂದು ಆಮೇಲೆ ಅವರು ಹೇಳಿಕೊಂಡು ತಿರುಗಿದರಂತೆ. ಹೇಳಲಿ.

ನನ್ನನ್ನು ಕೇಳಬೇಕಾದದ್ದು ಬೇರೆ: ಲಾರಿ ಅಂಗಡಿಯ ಮುಂದೆ ನಿಂತಾಗ ಏನು ಮಾಡಬೇಕು? ಚಾಲಕ ಎಷ್ಟೇ ಹಾರ್ನ್ ಹೊಡೆಯಲಿ, ಪೆಟ್ಟಿಗೆಗಳನ್ನು ಎಣಿಸಿ. ‘12 ಪೆಟ್ಟಿಗೆ ಒಡೆದಿವೆ’ ಎಂದು ರಸೀದಿಯ ಮೇಲೆ ಶರಾ ಬರೆದ ನಂತರವೇ ಸಹಿ ಹಾಕಿ, ಚಾಲಕನಿಂದಲೂ ಹಾಕಿಸಿ. ಅಂದೇ ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ. ತಿರಸ್ಕರಿಸಿದ್ದೇವೆಂದು ತಿಳಿಸದೆ ಸಮಂಜಸ ಅವಧಿ ಮೀರಿ ಸರಕನ್ನು ಇಟ್ಟುಕೊಂಡರೆ, 1930ರ ಸರಕು ಮಾರಾಟ ಕಾಯ್ದೆಯಂತೆ ನೀವು ಅದನ್ನು ಒಪ್ಪಿಕೊಂಡಂತೆಯೇ. ಸಾಗಣೆದಾರರ ಮೇಲೆ ದಾವೆ ಹೂಡುವುದಾದರೆ, 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ 180 ದಿನಗಳೊಳಗೆ ಅವರಿಗೆ ಲಿಖಿತ ನೋಟಿಸು ತಲುಪಿರಲೇಬೇಕು. ಆ 180 ದಿನಗಳನ್ನು ಎಣಿಸುವುದು ಸರಕು ಬುಕ್ ಆದ ದಿನದಿಂದ, ನಿಮ್ಮ ಅಂಗಡಿಗೆ ಬಂದ ದಿನದಿಂದಲ್ಲ. ಫೋನಿನಲ್ಲಿ ಗಂಟೆಗಟ್ಟಲೆ ಜಗಳವಾಡಿದ್ದು ನೋಟಿಸಿನ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಮಾಡಿ, ರಸೀದಿ ಮತ್ತು ಇನ್‌ವಾಯ್ಸ್‌ನ ನಕಲು ಹಿಡಿದು ಬನ್ನಿ. ಒಂದೇ ಪುಟದಲ್ಲಿ ಬರೆದುಕೊಡುತ್ತೇನೆ.