ಮೆಂಫಿಸ್‌ನಲ್ಲಿ ಸೋಲ್ ರೆಕಾರ್ಡು ಹುಡುಕಲು ಹೊರಟವರಿಗೆ

ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್‌ಗೆ ಬಂದವರಲ್ಲಿ ಬಹುಪಾಲು ಜನ ಗಾಯಕ ಎಲ್ವಿಸ್ ಪ್ರೀಸ್ಲಿಯ ಮನೆ ನೋಡಿ, ಬೀಲ್ ಸ್ಟ್ರೀಟಿನಲ್ಲಿ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಸೋಲ್ (soul) ಎಂಬ ಆಫ್ರಿಕನ್-ಅಮೆರಿಕನ್ ಸಂಗೀತದ ಹುಚ್ಚಿದ್ದರೆ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ನ್ಯಾಶ್‌ವಿಲ್‌ನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ ದಾರಿ.

ಮೊದಲ ದಿನ ಕೊಳ್ಳಬೇಡಿ, ಬರೀ ಕೇಳಿ. ಸಿಯರ್ಸ್ ಎಂಬ ಅಂಗಡಿ ಕಂಪನಿಯ ಹಳೆಯ ಕಟ್ಟಡವಾದ ಕ್ರಾಸ್‌ಟೌನ್ ಕಾನ್‌ಕೋರ್ಸ್‌ನಲ್ಲಿ ಮೆಂಫಿಸ್ ಲಿಸನಿಂಗ್ ಲ್ಯಾಬ್ ಇದೆ. ಹತ್ತಾರು ಸಾವಿರ ಸಿಂಗಲ್‌ಗಳ (ಬದಿಗೊಂದೇ ಹಾಡಿನ ಚಿಕ್ಕ ರೆಕಾರ್ಡುಗಳ) ಸಂಗ್ರಹ, ಪ್ರವೇಶ ಉಚಿತ. ಇಷ್ಟವಾದದ್ದರ ಲೇಬಲ್ (ನಡುವಿನ ಕಾಗದದ ಮೇಲಿನ ಕಂಪನಿ ಹೆಸರು) ಮತ್ತು ನಂಬರ್ ಬರೆದುಕೊಂಡರೆ ಮರುದಿನ ಅಂಗಡಿಯಲ್ಲಿ ತಡಕಾಡಬೇಕಿಲ್ಲ. ಅಲ್ಲಿಂದ ಮ್ಯಾಕ್‌ಲೆಮೋರ್ ಅವೆನ್ಯೂದ ಸ್ಟ್ಯಾಕ್ಸ್ ಮ್ಯೂಸಿಯಂ. ಸ್ಟ್ಯಾಕ್ಸ್ ಎಂದರೆ ಮೆಂಫಿಸ್‌ನ ಸೋಲ್ ರೆಕಾರ್ಡ್ ಕಂಪನಿ. ಮೂಲ ಸ್ಟುಡಿಯೊ ಒಂದು ಹಳೆಯ ಸಿನಿಮಾ ಥಿಯೇಟರಿನಲ್ಲಿತ್ತು. 1989ರಲ್ಲಿ ಅದನ್ನು ಕೆಡವಿದರು, ಈಗಿನದು ಅದೇ ಜಾಗದಲ್ಲಿ 2003ರಲ್ಲಿ ತೆರೆದದ್ದು. ಕಂಪನಿಯ ಮಾಲೀಕರಲ್ಲಿ ಒಬ್ಬರಾದ ಎಸ್ಟೆಲ್ ಆಕ್ಸ್‌ಟನ್ ಆ ಥಿಯೇಟರಿನ ಮುಂಭಾಗದಲ್ಲೇ ರೆಕಾರ್ಡ್ ಅಂಗಡಿ ಇಟ್ಟು, ಓಣಿಯ ಹುಡುಗರು ಏನು ಕೊಳ್ಳುತ್ತಾರೆಂದು ನೋಡಿಯೇ ಮುಂದೇನು ರೆಕಾರ್ಡ್ ಮಾಡಬೇಕೆಂದು ಅಂದಾಜು ಮಾಡುತ್ತಿದ್ದರು.

ಎರಡನೇ ದಿನ ರೆಕಾರ್ಡ್ ಅಂಗಡಿಗಳು: ಮ್ಯಾಡಿಸನ್ ಅವೆನ್ಯೂದ ಶಾಂಗ್ರಿ-ಲಾ, ಆಮೇಲೆ ಕೂಪರ್-ಯಂಗ್‌ನ ಗೋನರ್. ನಡುವೆ ಎರಡು ಕಿ.ಮೀ. ಆಸುಪಾಸು. ಗೋನರ್ ಮೂಲತಃ ಪಂಕ್ ರಾಕ್ ಸಂಗೀತದವರ ಅಂಗಡಿ, ಆದರೂ ಸೋಲ್ ಡಬ್ಬಿಗಳನ್ನು ಬಿಡಬೇಡಿ.

ಎಲ್‌ಪಿಗಿಂತ ಏಳಿಂಚಿನ ಫಾರ್ಟಿಫೈವ್‌ಗಳಿಗೆ, ಅಂದರೆ ನಿಮಿಷಕ್ಕೆ 45 ಸುತ್ತುವ ಸಿಂಗಲ್‌ಗಳಿಗೆ, ಹೆಚ್ಚು ಸಮಯ ಕೊಡಿ. ಸೋಲ್ ಬದುಕಿದ್ದೇ ಸಿಂಗಲ್‌ನಲ್ಲಿ. ತಿಳಿನೀಲಿ ಸ್ಟ್ಯಾಕ್ಸ್ ಲೇಬಲ್, ಪೇರಿಸಿಟ್ಟ ರೆಕಾರ್ಡುಗಳ ಚಿತ್ರ ಇದ್ದರೆ 1968ರವರೆಗಿನದು, ಅಟ್ಲಾಂಟಿಕ್ ಎಂಬ ದೊಡ್ಡ ರೆಕಾರ್ಡ್ ಕಂಪನಿ ಒಪ್ಪಂದದ ಮೇಲೆ ಹಂಚಿದ್ದು. ಆ ಒಪ್ಪಂದ ಮುರಿದಾಗ ಹಳೆಯ ಹಾಡುಗಳ ಹಕ್ಕೆಲ್ಲ ಅಟ್ಲಾಂಟಿಕ್ ಪಾಲಾಯಿತು. ಅಲ್ಲಿಂದಾಚೆಗೆ ಹಳದಿ ಲೇಬಲ್, ಚಿಟಿಕೆ ಹೊಡೆಯುವ ಬೆರಳು. ಗಾಯಕ ಓಟಿಸ್ ರೆಡ್ಡಿಂಗ್ ಬೇಕಿದ್ದರೆ ಸ್ಟ್ಯಾಕ್ಸ್‌ನದೇ ವೋಲ್ಟ್ ಲೇಬಲ್ ನೋಡಿ, ಆಲ್ ಗ್ರೀನ್ ಮತ್ತು ಆ್ಯನ್ ಪೀಬಲ್ಸ್ ಬೇಕಿದ್ದರೆ ಹೈ (Hi) ಲೇಬಲ್.

ಎಡವುವುದು ಇಲ್ಲಿ: ಆ ಕಾಲದ ಎಷ್ಟೋ ಅಮೆರಿಕನ್ ಸಿಂಗಲ್‌ಗಳು ವಿನೈಲ್ ಅಲ್ಲ, ಸ್ಟೈರೀನ್ ಎಂಬ ಪೆಡಸು ಪ್ಲಾಸ್ಟಿಕ್. ಲೇಬಲ್ ಮೇಲಿಂದ ಅಂಟಿಸಿದಂತೆ ಕಂಡರೆ ಅನುಮಾನ ಪಡಿ. ವಿನೈಲ್‌ನಲ್ಲಿ ಲೇಬಲ್ ತಟ್ಟೆಯ ಜೊತೆಗೇ ಒತ್ತಿಕೊಂಡಿರುತ್ತದೆ. ಬಾಗಿಸಿ ಪರೀಕ್ಷಿಸಬೇಡಿ, ಸ್ಟೈರೀನ್ ಬಿರುಕು ಬಿಡುತ್ತದೆ. ಭಾರದ ಸೂಜಿಗೆ ಸವೆದ ಸ್ಟೈರೀನ್ ಕಣ್ಣಿಗೆ ಫಳಫಳ, ಕಿವಿಗೆ ಒಗ್ಗರಣೆ ಸಿಡಿದ ಹಾಗೆ. ಹಾಗಾಗಿ ಹಾಕಿ ಕೇಳಲು ಪ್ಲೇಯರ್ ಇದೆಯಾ ಎಂದು ವಿಚಾರಿಸಿ, ಶುರುವಿನ ಹತ್ತು ಸೆಕೆಂಡ್ ಗಮನವಿಟ್ಟು ಕೇಳಿ. ಡಿಜೆಗಳು ತಟ್ಟೆಯನ್ನು ಹಿಂದೆಮುಂದೆ ಆಡಿಸಿ ಸವೆಸುವುದು ಅಲ್ಲೇ. ಬೆಲೆಚೀಟಿಯ ಮೇಲೆ ರೆಕಾರ್ಡಿನ ಸ್ಥಿತಿಯ ದರ್ಜೆ ಬರೆದಿರುತ್ತದೆ: ‘ವಿಜಿ’ ಎಂದರೆ ವೆರಿ ಗುಡ್. ಹೆಸರು ನಂಬಬೇಡಿ, ಚಟಪಟ ಸದ್ದು ಖಾತ್ರಿ. ಬೆಲೆ ಜಾಸ್ತಿಯಾದರೂ ‘ವಿಜಿ ಪ್ಲಸ್’ ಕೊಳ್ಳಿ. ಬರೀ ‘ಜಿ’ (ಗುಡ್) ಇದ್ದರೆ ಗೋಡೆಗೆ ನೇತುಹಾಕಲು ಸರಿ.

ಚೀಟಿಯ ಬೆಲೆಗೆ ಶೇ 9.75 ಮಾರಾಟ ತೆರಿಗೆ ಸೇರುತ್ತದೆ. ಕೊಂಡದ್ದನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಬೇಸಿಗೆಯಲ್ಲಿ ಒಂದೇ ಗಂಟೆಗೆ ಹಪ್ಪಳವಾಗುತ್ತದೆ. ಐವತ್ತು ಸಿಂಗಲ್ ಎರಡು ಕಿಲೊ ಚಿಲ್ಲರೆ. ಎರಡು ರಟ್ಟಿನ ನಡುವೆ ಬಿಗಿದು ಕೈಚೀಲದಲ್ಲೇ ಒಯ್ಯಿರಿ. ಕಸ್ಟಮ್ಸ್‌ಗೆ ಬಿಲ್ ಜೋಪಾನ.

ಅಮೆರಿಕನ್ ಸಿಂಗಲ್‌ಗಳ ನಡುವಿನ ತೂತು 38 ಮಿ.ಮೀ. ಅಗಲ, ಅಡಾಪ್ಟರ್ ಬೇಕು. ಎರಡು ತನ್ನಿ, ಒಂದು ಕಳೆದೇ ಹೋಗುತ್ತದೆ. ಹಳೆಯ ಟರ್ನ್‌ಟೇಬಲ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. 120 ವೋಲ್ಟ್ ಸಮಸ್ಯೆಗೆ ಟ್ರಾನ್ಸ್‌ಫಾರ್ಮರ್ ಇದೆ, ಆದರೆ ಎಸಿ ಮೋಟಾರು ಅಲ್ಲಿನ ಕರೆಂಟಿನ 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ 45 ಸುತ್ತಬೇಕಾದ್ದು 37.5 ಸುತ್ತುತ್ತದೆ, ಆಲ್ ಗ್ರೀನ್ ನಿದ್ದೆಗಣ್ಣಲ್ಲಿ ಹಾಡಿದಂತೆ ಕೇಳಿಸುತ್ತದೆ.